ಪಾಠದ ಪಿಪಿಟಿ ಹಂಚಲು ಯಾವುದು ಸರಿ? ಗೂಗಲ್ ಸ್ಲೈಡ್ಸ್, ಪವರ್‌ಪಾಯಿಂಟ್, ಸ್ಲೈಡ್‌ಶೇರ್, ಕ್ಯಾನ್ವಾ, ಇಂಪ್ರೆಸ್ ಮತ್ತು ವಾಟ್ಸ್ಆ್ಯಪ್ ಪಿಡಿಎಫ್

ಪಿಪಿಟಿ ಮಾಡುವುದು ಈಗ ಹೆಚ್ಚಿನ ಶಿಕ್ಷಕರಿಗೆ ಕಷ್ಟದ ಕೆಲಸವಲ್ಲ. ತೊಡಕು ಶುರುವಾಗುವುದು ಅದಾದ ಮೇಲೆ. ಸ್ಮಾರ್ಟ್ ಕ್ಲಾಸಿನ ಪರದೆ ಮೇಲೆ ಚೆನ್ನಾಗಿ ಕಂಡ ಸ್ಲೈಡು ಮನೆಯಲ್ಲಿ ಅಪ್ಪನ ಫೋನಿನಲ್ಲಿ ತೆರೆಯುವುದಿಲ್ಲ. ತೆರೆದರೂ ಕನ್ನಡ ಇರಬೇಕಾದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಸಾಲಾಗಿ ಬಂದಿರುತ್ತವೆ. ಪಕ್ಕದ ಊರಿನ ಶಿಕ್ಷಕಿ ಕೇಳಿದರೆಂದು ಕಳಿಸಿದ ಫೈಲಿನಲ್ಲಿ ಅವರಿಗೆ ಒಂದು ಪದ ತಿದ್ದಲೂ ಆಗುವುದಿಲ್ಲ.

ಹಾಗಾಗಿ ಯಾವ ಆ್ಯಪ್ ಚೆಂದ ಎಂದು ನೋಡುವ ಮೊದಲು ಬೇರೆಯೇ ಪ್ರಶ್ನೆ ಕೇಳಿಕೊಳ್ಳಬೇಕು. ಈ ಫೈಲನ್ನು ಯಾರು ತೆರೆಯುತ್ತಾರೆ? ಯಾವುದರಲ್ಲಿ ತೆರೆಯುತ್ತಾರೆ? ತೆರೆದು ಏನು ಮಾಡುತ್ತಾರೆ? ತರಗತಿಯಲ್ಲಿ ಸ್ಲೈಡಿಗೆ ಮೂರು ಕೆಲಸ ಇರುತ್ತವೆ. ಪರದೆ ಮೇಲೆ ತೋರಿಸುವುದು, ಓದಿಕೊಳ್ಳಲು ಮನೆಗೆ ಕೊಡುವುದು, ಮಕ್ಕಳೇ ಕೂತು ಒಟ್ಟಿಗೆ ಮಾಡುವುದು. ಈ ಮೂರನ್ನೂ ಚೆನ್ನಾಗಿ ಮಾಡುವ ಒಂದೇ ಸಾಧನ ನನಗೆ ಇದುವರೆಗೆ ಸಿಕ್ಕಿಲ್ಲ.

ಇಲ್ಲಿ ನಾನು ಕಣ್ಣ ಮುಂದೆ ಇಟ್ಟುಕೊಂಡಿರುವುದು ಕನ್ನಡ ಮಾಧ್ಯಮದ ಒಂದು ಹೈಸ್ಕೂಲು. ಒಂದು ಪ್ರೊಜೆಕ್ಟರ್ ಇದೆ. ಲ್ಯಾಬಿನಲ್ಲಿ ಮಕ್ಕಳಿಗಿಂತ ಕಂಪ್ಯೂಟರ್ ಕಡಿಮೆ. ನೆಟ್ ಬರುತ್ತದೆ, ಹೋಗುತ್ತದೆ. ಮಕ್ಕಳ ಕೈಯಲ್ಲಿ ಫೋನ್ ಇಲ್ಲ, ಮನೆಯಲ್ಲಿ ಒಂದೇ ಫೋನ್, ಅದೂ ಸಂಜೆ ಮಾತ್ರ ಸಿಗುತ್ತದೆ.

ಇಂಥ ಶಾಲೆಗೆ ನನ್ನ ಆಯ್ಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ತೋರಿಸಲು ಪವರ್‌ಪಾಯಿಂಟ್ ಅಥವಾ ಅದರಂಥದೇ ಉಚಿತ ತಂತ್ರಾಂಶವಾದ ಲಿಬ್ರೆ ಆಫೀಸ್ ಇಂಪ್ರೆಸ್, ನೆಟ್ ಇಲ್ಲದೆ. ಮನೆಗೆ ಕೊಡಲು ಪಿಡಿಎಫ್, ವಾಟ್ಸ್ಆ್ಯಪ್‌ನಲ್ಲಿ. ಮಕ್ಕಳು ಒಟ್ಟಿಗೆ ಮಾಡಲು ಗೂಗಲ್ ಸ್ಲೈಡ್ಸ್. ಬೇರೆಯವರ ಪಾಠ ಹುಡುಕಲು ಸ್ಲೈಡ್‌ಶೇರ್, ಆದರೆ ನಮ್ಮದನ್ನು ಇಡಲು ಅಲ್ಲ. ಕಾರಣಗಳು ಮುಂದಿವೆ. ನಿಮ್ಮ ಶಾಲೆ ಬೇರೆ ಥರ ಇದ್ದರೆ ಆಯ್ಕೆಯೂ ಬೇರೆಯಾಗಬೇಕು.

ಮನೆಗೆ ಕೊಡುವಾಗ: ಲಿಂಕಾ, ಫೈಲಾ?

ಲಿಂಕ್ ಕಳಿಸುವುದರಲ್ಲಿ ಒಂದು ದೊಡ್ಡ ಅನುಕೂಲ ಇದೆ. ನಾಲ್ಕನೇ ಸ್ಲೈಡಿನಲ್ಲಿ ಸೂತ್ರ ತಪ್ಪಾಗಿದೆ ಎಂದು ರಾತ್ರಿ ಗೊತ್ತಾದರೆ ನೀವು ತಿದ್ದಿದ ತಕ್ಷಣ ಎಲ್ಲರಿಗೂ ತಿದ್ದಿದ್ದೇ ಕಾಣುತ್ತದೆ. ಪಿಡಿಎಫ್ ಕಳಿಸಿದರೆ ಹಾಗಾಗಲ್ಲ. ಹಳೆಯ ಫೈಲು ಗ್ರೂಪಿನಲ್ಲಿ ಓಡಾಡುತ್ತಲೇ ಇರುತ್ತದೆ.

ಆದರೂ ನಾನು ಪಿಡಿಎಫ್ ಕಡೆಗೇ ವಾಲುತ್ತೇನೆ. ಲಿಂಕ್ ತೆರೆಯಲು ಸಾಮಾನ್ಯವಾಗಿ ಪ್ರತಿ ಸಲ ನೆಟ್ ಬೇಕು. ಪಿಡಿಎಫ್ ಒಂದು ಸಲ ಫೋನಿಗೆ ಇಳಿದರೆ ಮುಗಿಯಿತು, ಸಿಗ್ನಲ್ ಇಲ್ಲದ ತೋಟದ ಮನೆಯಲ್ಲೂ ತೆರೆಯುತ್ತದೆ. ಇನ್ನೊಂದು ವಿಷಯ ಪೋಷಕರ ಧೈರ್ಯದ್ದು. ಗೂಗಲ್ ಲಿಂಕ್ ಒತ್ತಿದಾಗ ಕೆಲವು ಫೋನುಗಳಲ್ಲಿ ಆ್ಯಪ್ ಹಾಕಿಕೊಳ್ಳಿ, ಸೈನ್ ಇನ್ ಮಾಡಿ ಎಂಬ ಪುಟ ಬರುತ್ತದೆ. ಅಲ್ಲಿಗೆ ಎಷ್ಟೋ ಅಮ್ಮಂದಿರು ಫೋನ್ ಕೆಳಗಿಡುತ್ತಾರೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಪಿಡಿಎಫ್ ತೆರೆಯುವುದು ಅವರಿಗೆ ಗೊತ್ತಿರುವ ಕೆಲಸ.

ಪಿಡಿಎಫ್ ಮಾಡುವಾಗ ಹೆಚ್ಚು ಜನ ಗಮನಿಸದ ಸಂಗತಿ ಅನಿಮೇಶನ್. ಪರದೆ ಮೇಲೆ ಪ್ರಶ್ನೆ ಮೊದಲು ಬರುತ್ತದೆ, ಕ್ಲಿಕ್ ಮಾಡಿದರೆ ಉತ್ತರ ಬರುತ್ತದೆ. ಪಿಡಿಎಫ್‌ನಲ್ಲಿ ಕ್ಲಿಕ್ ಎಂಬುದೇ ಇಲ್ಲ. ಪ್ರಶ್ನೆ, ಉತ್ತರ ಎರಡೂ ಒಟ್ಟಿಗೆ ಕಾಣುತ್ತವೆ. ಒಂದರ ಮೇಲೊಂದು ಬರುವಂತೆ ಚಿತ್ರಗಳನ್ನು ಜೋಡಿಸಿದ್ದರೆ ಮೇಲಿನದು ಕೆಳಗಿನದನ್ನು ಮುಚ್ಚಿಬಿಡುತ್ತದೆ. ಹತ್ತನೇ ತರಗತಿಯ ಬೆಳಕಿನ ಪಾಠದಲ್ಲಿ ಕಿರಣಚಿತ್ರವನ್ನು ಹಂತ ಹಂತವಾಗಿ ಮೂಡಿಸಿದ್ದೀರಿ ಎಂದುಕೊಳ್ಳಿ. ಮೊದಲ ಕಿರಣ, ಅದು ನಿಮ್ನ ದರ್ಪಣಕ್ಕೆ ಬಡಿದು ಸಂಗಮಬಿಂದುವಿನ ಮೂಲಕ ಹೋಗುವುದು, ಎರಡನೇ ಕಿರಣ, ಕೊನೆಗೆ ಪ್ರತಿಬಿಂಬ. ಪಿಡಿಎಫ್‌ನಲ್ಲಿ ಇದೆಲ್ಲ ಒಂದೇ ಗೆರೆಗಳ ಗೋಜಲು. ಪಾಠದ ಜೀವ ಇದ್ದದ್ದು ಆ ಹಂತಗಳಲ್ಲಿ, ಅಲ್ವಾ?

ಪರಿಹಾರ ಸರಳ. ಅನಿಮೇಶನ್ ಬಿಡಿ. ಸ್ಲೈಡನ್ನು ನಕಲು ಮಾಡಿ, ಪ್ರತಿ ನಕಲಿನಲ್ಲಿ ಒಂದು ಹಂತ ಸೇರಿಸಿ. ಒಂದು ಸ್ಲೈಡ್ ಇದ್ದದ್ದು ನಾಲ್ಕಾಗುತ್ತದೆ. ಪರದೆ ಮೇಲೆ ಮುಂದೆ ಮುಂದೆ ಒತ್ತಿದರೆ ಅನಿಮೇಶನ್ ಥರವೇ ಕಾಣುತ್ತದೆ. ಪಿಡಿಎಫ್‌ನಲ್ಲಿ ಮಗು ಬೆರಳಿಂದ ಸರಿಸಿದರೂ ಅದೇ ಕ್ರಮದಲ್ಲಿ ಬರುತ್ತದೆ. ಹೀಗೆ ಮಾಡಿದ ಫೈಲು ಯಾವ ಸಾಧನಕ್ಕೆ ಹೋದರೂ ಕೆಡುವುದಿಲ್ಲ. ಪವರ್‌ಪಾಯಿಂಟಿನಿಂದ ಗೂಗಲ್ ಸ್ಲೈಡ್ಸಿಗೆ ಹಾಕಿದಾಗ ಕೆಲವು ಅನಿಮೇಶನ್ ಬದಲಾಗುವ ಅಥವಾ ಬಿಟ್ಟುಹೋಗುವ ತೊಂದರೆಯೂ ಇದರಿಂದ ತಪ್ಪುತ್ತದೆ.

ಆಮೇಲೆ ಗಾತ್ರ. ವಾಟ್ಸ್ಆ್ಯಪ್ 2 ಜಿಬಿ ತನಕ ಫೈಲ್ ಕಳಿಸಲು ಬಿಡುತ್ತದೆ ನಿಜ. ಪೋಷಕರ ಡೇಟಾ ಪ್ಯಾಕ್ ಬಿಡಬೇಕಲ್ಲ. ಫೋನಿನಲ್ಲಿ ತೆಗೆದ ಒಂದೊಂದು ಫೋಟೊ ಮೂರು, ನಾಲ್ಕು ಎಂಬಿ ಇರುತ್ತದೆ. ಅಂಥವು ಇಪ್ಪತ್ತು ಸೇರಿದರೆ ಪಿಪಿಟಿ ಭಾರವಾಗುತ್ತದೆ. ಪವರ್‌ಪಾಯಿಂಟಿನಲ್ಲಿ ಚಿತ್ರದ ಮೇಲೆ ಕ್ಲಿಕ್ ಮಾಡಿದರೆ ಮೇಲಿನ ಪಟ್ಟಿಯಲ್ಲಿ ಕಂಪ್ರೆಸ್ ಪಿಕ್ಚರ್ಸ್ ಎಂಬ ಆಯ್ಕೆ ಸಿಗುತ್ತದೆ. ಅಲ್ಲಿ 150 ಪಿಪಿಐ ಆರಿಸಿದರೆ ಫೋನಿಗೂ ಪ್ರೊಜೆಕ್ಟರಿಗೂ ಸಾಕು. ಇಂಪ್ರೆಸ್‌ನಲ್ಲಿ ಟೂಲ್ಸ್ ಮೆನುವಿನಡಿ ಮಿನಿಮೈಸ್ ಪ್ರೆಸೆಂಟೇಶನ್ ಎಂದಿದೆ. ಒಂದು ಪಾಠದ ಪಿಡಿಎಫ್ 5 ಎಂಬಿ ಮೀರಬಾರದು ಎಂಬುದು ನಾನು ಹಾಕಿಕೊಂಡ ಮಿತಿ.

ಸ್ಲೈಡುಗಳನ್ನು ಒಂದೊಂದೇ ಫೋಟೊ ಮಾಡಿ ಗ್ರೂಪಿಗೆ ಹಾಕುವವರಿದ್ದಾರೆ. ದಯವಿಟ್ಟು ಬೇಡ. ವಾಟ್ಸ್ಆ್ಯಪ್ ಫೋಟೊಗಳನ್ನು ಕುಗ್ಗಿಸುತ್ತದೆ, ಸಣ್ಣ ಒತ್ತಕ್ಷರಗಳು ಮಸುಕಾಗುತ್ತವೆ, ನಡುವೆ ಯಾರೋ ಗುಡ್ ಮಾರ್ನಿಂಗ್ ಹಾಕಿದರೆ ಕ್ರಮವೂ ಹೋಗುತ್ತದೆ. ಡಾಕ್ಯುಮೆಂಟ್ ಆಗಿಯೇ ಕಳಿಸಿ. ಫೈಲಿನ ಹೆಸರಿನಲ್ಲಿ ತರಗತಿ, ವಿಷಯ, ಪಾಠ ಇರಲಿ.

ಗೂಗಲ್ ಸ್ಲೈಡ್ಸ್ ಮತ್ತು ಪವರ್‌ಪಾಯಿಂಟ್

ಇವೆರಡರ ನಡುವೆ ಆರಿಸಲು ಜಾಸ್ತಿ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಸಾಮಾನ್ಯ ಪಾಠಕ್ಕೆ ಎರಡೂ ಸಾಕು. ವ್ಯತ್ಯಾಸ ಇರುವುದು ಫೈಲು ಎಲ್ಲಿ ಇರುತ್ತದೆ ಎಂಬುದರಲ್ಲಿ.

ಪವರ್‌ಪಾಯಿಂಟ್ 1987ರಷ್ಟು ಹಳೆಯದು. ಅದರ ಅಡಿಪಾಯವೇ ಒಂದು ಕಂಪ್ಯೂಟರ್, ಒಬ್ಬರು ಮಾಡುವವರು, ಒಂದು ಫೈಲು. ಈಗ ಅದು ವೆಬ್‌ನಲ್ಲೂ ಉಚಿತವಾಗಿ ಸಿಗುತ್ತದೆ, ಮೈಕ್ರೋಸಾಫ್ಟ್ ಖಾತೆ ಇದ್ದರೆ ಒನ್‌ಡ್ರೈವ್‌ನಲ್ಲಿ 5 ಜಿಬಿ ಜಾಗ ಕೊಡುತ್ತಾರೆ. ಆದರೂ ಅದರ ಬಲ ಇರುವುದು ಪೆನ್‌ಡ್ರೈವಿನಲ್ಲಿ. ಕರೆಂಟ್ ಇದ್ದರೆ ಸಾಕು, ಪಾಠ ನಡೆಯುತ್ತದೆ. ಫೈಲಿನೊಳಗೇ ವಿಡಿಯೊ ಸೇರಿಸಬಹುದು. ಗೂಗಲ್ ಸ್ಲೈಡ್ಸಿನಲ್ಲಿ ವಿಡಿಯೊ ಯೂಟ್ಯೂಬಿನಿಂದಲೋ ಡ್ರೈವಿನಿಂದಲೋ ಬರಬೇಕು. ನೆಟ್ ಕೈಕೊಟ್ಟರೆ ಪರದೆಯ ನಡುವೆ ಕಪ್ಪು ಚೌಕ ಮಾತ್ರ ಉಳಿಯುತ್ತದೆ.

ಗೂಗಲ್ ಸ್ಲೈಡ್ಸ್ ಹುಟ್ಟಿದ್ದೇ ಬ್ರೌಸರಿನಲ್ಲಿ, 2007ರಲ್ಲಿ. ಸೇವ್ ಮಾಡುವ ಚಿಂತೆ ಇಲ್ಲ. ಹಳೆಯ ರೂಪಕ್ಕೆ ಹಿಂತಿರುಗಲು ವರ್ಶನ್ ಹಿಸ್ಟರಿ ಇದೆ. ಜಿಮೇಲ್, ಫೋಟೊ ಎಲ್ಲ ಸೇರಿ 15 ಜಿಬಿ ಜಾಗ ಉಚಿತ. ನೆಟ್ ಇಲ್ಲದೆಯೂ ಬಳಸಬಹುದು, ಆದರೆ ಕ್ರೋಮ್ ಅಥವಾ ಎಡ್ಜ್ ಬ್ರೌಸರಿನಲ್ಲಿ, ಅದೇ ಕಂಪ್ಯೂಟರಿನಲ್ಲಿ, ಮುಂಚೆಯೇ ಆಫ್‌ಲೈನ್ ಆಯ್ಕೆ ಹಾಕಿಟ್ಟಿರಬೇಕು. ಶಾಲೆಯ ಕಂಪ್ಯೂಟರನ್ನು ಹತ್ತು ಜನ ಬಳಸುತ್ತಾರೆ. ಅಲ್ಲಿ ನಿಮ್ಮ ಖಾತೆಯನ್ನು ಹಾಗೆ ತೆರೆದಿಡುವುದು ಸರಿಯಲ್ಲ. ನಿಮ್ಮ ಮೇಲ್, ಫೋಟೊ, ಬ್ಯಾಂಕಿನ ಪತ್ರ ಎಲ್ಲ ಅದೇ ಖಾತೆಯಲ್ಲಿ ಇರುತ್ತವೆ. ಹಾಗಾಗಿ ಗೂಗಲ್‌ನಲ್ಲಿ ಮಾಡಿದ್ದನ್ನು ತೋರಿಸುವ ಹಿಂದಿನ ದಿನ ಪಿಪಿಟಿಎಕ್ಸ್ (ಪವರ್‌ಪಾಯಿಂಟಿನ ಫೈಲ್ ರೂಪ) ಅಥವಾ ಪಿಡಿಎಫ್ ಆಗಿ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಒಯ್ಯುವುದೇ ಕ್ಷೇಮ.

ಗೂಗಲ್‌ನಲ್ಲಿ ನನಗೆ ತುಂಬ ಇಷ್ಟವಾದ ಒಂದು ಸಣ್ಣ ಉಪಾಯ ಇದೆ. ಸ್ಲೈಡಿನ ಲಿಂಕಿನ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಎಡಿಟ್ ಎಂಬ ಪದ ಇರುತ್ತದೆ. ಅದನ್ನೂ ಅದರ ನಂತರ ಇರುವುದನ್ನೂ ಅಳಿಸಿ ಇಂಗ್ಲಿಷಿನಲ್ಲೇ ಕಾಪಿ ಎಂದು ಬರೆಯಿರಿ. ಆ ಲಿಂಕ್ ತೆರೆದವರಿಗೆ ತಮ್ಮದೇ ಒಂದು ಪ್ರತಿ ಮಾಡಿಕೊಳ್ಳಲು ಗೂಗಲ್ ಕೇಳುತ್ತದೆ. ನಿಮ್ಮ ಮೂಲ ಫೈಲಿಗೆ ಏನೂ ಆಗುವುದಿಲ್ಲ. ತಾಲ್ಲೂಕಿನ ವಿಷಯ ಶಿಕ್ಷಕರ ಗ್ರೂಪಿಗೆ ಪಾಠ ಕಳಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಅವರು ತಮ್ಮ ಊರಿನ ಉದಾಹರಣೆ ಸೇರಿಸಿಕೊಳ್ಳಬಹುದು.

ಖಾತೆಯ ವಿಷಯದಲ್ಲಿ ಎರಡು ಎಚ್ಚರ. ಶಾಲೆ ಕೊಟ್ಟ ಖಾತೆಯಲ್ಲಿ ಮಾಡಿದ ಫೈಲು ಆ ಖಾತೆ ಮುಚ್ಚಿದರೆ ಹೋಗುತ್ತದೆ. ವರ್ಗಾವಣೆ ಆದೇಶ ಬಂದ ಮೇಲೆ ಚಾರ್ಜ್ ಕೊಡುವ ಗಡಿಬಿಡಿಯಲ್ಲಿ ಇದು ಯಾರಿಗೂ ನೆನಪಾಗುವುದಿಲ್ಲ. ಬೇಸಿಗೆ ರಜೆಯಲ್ಲೇ ಇಳಿಸಿಟ್ಟುಕೊಳ್ಳಿ. ಸ್ವಂತ ಖಾತೆಯಾದರೂ ಎರಡು ವರ್ಷ ಮುಟ್ಟದೆ ಬಿಟ್ಟರೆ ಗೂಗಲ್ ಅದನ್ನು ಅಳಿಸಬಹುದು. 2023ರಲ್ಲಿ ತಂದ ನಿಯಮ ಇದು. ಪಾಠಕ್ಕೆಂದೇ ಬೇರೆ ಜಿಮೇಲ್ ಮಾಡಿಕೊಂಡವರು ಇದನ್ನು ನೆನಪಿಡಬೇಕು.

ಕನ್ನಡ ಅಕ್ಷರ ಕೆಡುವುದು ಏಕೆ

ಇಂಗ್ಲಿಷಿನಲ್ಲಿ ಸಿಗುವ ಹೋಲಿಕೆಗಳಲ್ಲಿ ಈ ಪ್ರಶ್ನೆಯೇ ಇರುವುದಿಲ್ಲ. ನಮಗೆ ಇದೇ ಮೊದಲ ಪ್ರಶ್ನೆ.

ನಮ್ಮ ಶಾಲೆಗಳಲ್ಲಿ ಬಹಳ ಕಾಲ ಟೈಪ್ ಮಾಡಿದ್ದು ನುಡಿ ಮತ್ತು ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ. ನುಡಿ 01 ಇ ಎಂಬ ಹೆಸರು ಯಾವ ಕಚೇರಿಯಲ್ಲಿ ಕೇಳಿಲ್ಲ ಹೇಳಿ. ಆ ಫಾಂಟುಗಳಲ್ಲಿ ಕಂಪ್ಯೂಟರ್ ಒಳಗೆ ಇಟ್ಟುಕೊಳ್ಳುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳನ್ನು. ಅವುಗಳ ಮೇಲೆ ಕನ್ನಡದ ಆಕಾರ ತೋರಿಸುವುದು ಫಾಂಟಿನ ಕೆಲಸ. ಆ ಫಾಂಟ್ ಇಲ್ಲದ ಕಡೆ ಒಳಗಿದ್ದದ್ದು ಹೊರಗೆ ಕಾಣುತ್ತದೆ. ಗೂಗಲ್ ಸ್ಲೈಡ್ಸಿನಲ್ಲಿ ಆ ಫಾಂಟ್ ಇಲ್ಲ, ಪೋಷಕರ ಫೋನಿನಲ್ಲೂ ಇಲ್ಲ. ಅದಕ್ಕೇ ವರ್ಷಗಟ್ಟಲೆ ಕಷ್ಟಪಟ್ಟು ಮಾಡಿದ ಪಿಪಿಟಿ ಗೂಗಲ್‌ಗೆ ಹಾಕಿದ ಕೂಡಲೇ ಚೂರಾದಂತೆ ಕಾಣುವುದು.

ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಯೂನಿಕೋಡಿನಲ್ಲಿ ಟೈಪ್ ಮಾಡಿದರೆ ಈ ತೊಂದರೆ ಇಲ್ಲ. ನುಡಿಯ ಹೊಸ ಆವೃತ್ತಿಗಳಲ್ಲಿ ಯೂನಿಕೋಡ್ ಇದೆ. ಕೀಲಿಮಣೆಯ ಅಭ್ಯಾಸ ಬದಲಿಸಬೇಕಿಲ್ಲ, ಅದೇ ಕೆ.ಪಿ. ರಾವ್ ವಿನ್ಯಾಸ. ಹಳೆಯ ಫೈಲುಗಳಿಗೆ ಆಸ್ಕಿಯಿಂದ (ಆ ಹಳೆಯ ಫಾಂಟುಗಳ ಪದ್ಧತಿಗೆ ಹೀಗೆನ್ನುತ್ತಾರೆ) ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳು ಇಂಟರ್‌ನೆಟ್‌ನಲ್ಲಿ ಸಿಗುತ್ತವೆ. ಪಠ್ಯ ಅಂಟಿಸಿದರೆ ಬದಲಾಗಿ ಬರುತ್ತದೆ. ಬದಲಾದ ಮೇಲೆ ಅರ್ಕಾವತ್ತು, ಅಂಕಿ, ಗಣಿತದ ಚಿಹ್ನೆಗಳನ್ನು ಒಮ್ಮೆ ಕಣ್ಣಾಡಿಸಿ. ತಪ್ಪಾಗುವುದು ಸಾಮಾನ್ಯವಾಗಿ ಅಲ್ಲೇ.

ಬದಲಿಸಲು ಸಮಯವೇ ಇಲ್ಲ, ನಾಳೆಯೇ ಕಳಿಸಬೇಕು ಎಂದರೆ ನುಡಿ ಇರುವ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ. ಫಾಂಟ್ ಪಿಡಿಎಫ್ ಒಳಗೆ ಸೇರಿಕೊಳ್ಳುವುದರಿಂದ ಎಲ್ಲ ಕಡೆ ಸರಿಯಾಗಿ ಕಾಣುತ್ತದೆ. ಆದರೆ ಅದು ಕಾಣುವುದಕ್ಕೆ ಮಾತ್ರ ಕನ್ನಡ. ಹುಡುಕಿದರೆ ಪದ ಸಿಗುವುದಿಲ್ಲ. ಕಾಪಿ ಮಾಡಿದರೆ ಮತ್ತೆ ಅದೇ ಗೋಜಲು. ಕಣ್ಣು ಕಾಣದ ಮಗುವಿಗೆ ಓದಿ ಹೇಳುವ ಎನ್‌ವಿಡಿಎಯಂಥ ತಂತ್ರಾಂಶ ಯೂನಿಕೋಡ್ ಕನ್ನಡವನ್ನು ಓದುತ್ತದೆ, ಇದನ್ನು ಓದಲಾರದು. ತರಗತಿಯಲ್ಲಿ ಅಂಥ ಒಂದು ಮಗು ಇದ್ದರೂ ಸಾಕು, ಯೂನಿಕೋಡಿಗೆ ಬರಲು ಬೇರೆ ಕಾರಣ ಬೇಡ.

ಫಾಂಟ್ ಆರಿಸುವಾಗ ಗೂಗಲ್‌ನಲ್ಲಿ ನೋಟೊ ಸಾನ್ಸ್ ಕನ್ನಡ ಓದಲು ಹಿತ. ತಲೆಬರಹಕ್ಕೆ ಬಲೂ ತಮ್ಮ ದಪ್ಪಗೆ, ದುಂಡಗೆ ಇದೆ, ಹಿಂದಿನ ಬೆಂಚಿಗೂ ಕಾಣುತ್ತದೆ. ವಿಂಡೋಸಿನಲ್ಲಿ ತುಂಗಾಗಿಂತ ನಿರ್ಮಲ ನನಗೆ ಹಿಡಿಸುತ್ತದೆ. ಇಂಪ್ರೆಸ್‌ನಲ್ಲಿ ಅಕ್ಷರದ ಕಿಟಕಿ ತೆರೆದರೆ ಇಂಗ್ಲಿಷಿಗೊಂದು, ಕನ್ನಡದಂಥ ಲಿಪಿಗಳಿಗೆ ಇನ್ನೊಂದು ಫಾಂಟ್ ಆರಿಸಬೇಕು. ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಬದಲಿಸಿ, ಕನ್ನಡ ಬದಲಾಗುತ್ತಿಲ್ಲ ಎಂದು ಬೇಸತ್ತವರು ಬಹಳ.

ಮಕ್ಕಳೇ ಮಾಡುವಾಗ

ಇಲ್ಲಿ ಗೂಗಲ್ ಸ್ಲೈಡ್ಸಿಗೆ ಸಾಟಿ ಇಲ್ಲ. ನನ್ನ ದೃಷ್ಟಿಯಲ್ಲಿ ಶಾಲೆಗೆ ಇಂಥ ಸಾಧನಗಳನ್ನು ತರಬೇಕು ಎನ್ನಲು ದೊಡ್ಡ ಕಾರಣವೂ ಇದೇ. ಶಿಕ್ಷಕರು ತೋರಿಸುವ ಸ್ಲೈಡನ್ನು ಮಗು ನೋಡುತ್ತದೆ. ತಾನೇ ಒಂದು ಸ್ಲೈಡ್ ಮಾಡಬೇಕಾದರೆ ಯಾವುದು ಮುಖ್ಯ, ಯಾವುದನ್ನು ಬಿಡಬಹುದು ಎಂದು ಅದೇ ತೀರ್ಮಾನಿಸಬೇಕು.

ಎಂಟನೇ ತರಗತಿಯ ಸಮಾಜ ವಿಜ್ಞಾನಕ್ಕೆ ನಮ್ಮೂರ ಚರಿತ್ರೆ ಎಂಬ ಒಂದೇ ಫೈಲು ಮಾಡಿ. ನಾಲ್ಕೈದು ಮಕ್ಕಳ ಗುಂಪಿಗೆ ಒಂದು ಕಂಪ್ಯೂಟರ್, ಒಂದು ಸ್ಲೈಡ್. ಒಂದು ಗುಂಪಿಗೆ ಊರ ಹೊರಗಿನ ವೀರಗಲ್ಲು. ಇನ್ನೊಂದಕ್ಕೆ ಕೆರೆ, ಅದರ ತೂಬು. ಮತ್ತೊಂದಕ್ಕೆ ಸಂತೆ, ಇನ್ನೊಂದಕ್ಕೆ ಊರಿನ ಹೆಸರು ಹೇಗೆ ಬಂತು ಎಂದು ಹಿರಿಯರು ಹೇಳುವ ಕಥೆ. ಒಬ್ಬರು ಬರೆಯುವುದು ಇನ್ನೊಬ್ಬರಿಗೆ ಆಗಲೇ ಕಾಣುತ್ತದೆ. ವೀರಗಲ್ಲಿನ ಗುಂಪು ಮೂರು ಹಂತದ ಕೆತ್ತನೆಯಲ್ಲಿ ಕೆಳಗಿನದು ಯುದ್ಧ, ಮೇಲಿನದು ಸ್ವರ್ಗ ಎಂದು ಬರೆಯುತ್ತಿದ್ದರೆ ಪಕ್ಕದ ಗುಂಪು ಬಗ್ಗಿ ನೋಡುತ್ತದೆ. ಆ ಬಗ್ಗಿ ನೋಡುವುದೂ ಕಲಿಕೆಯೇ.

ಗೂಗಲ್ ಒಂದು ಫೈಲಿನಲ್ಲಿ ಒಮ್ಮೆಗೆ 100 ಜನರ ತನಕ ತಿದ್ದಲು ಬಿಡುತ್ತದೆ, ಹಾಗಾಗಿ ಆ ಮಿತಿ ತೊಂದರೆ ಕೊಡುವುದಿಲ್ಲ. ತೊಂದರೆ ಕೊಡುವುದು ನೆಟ್ಟಿನ ವೇಗ. ಚಿತ್ರಗಳನ್ನು ಮುಂಚೆಯೇ ಕುಗ್ಗಿಸಿ ಪ್ರತಿ ಕಂಪ್ಯೂಟರಿಗೆ ಹಾಕಿಡಿ.

ಮಕ್ಕಳಿಗೆ ಖಾತೆ ಬೇಕೇ? ಬೇಡ. ಲಿಂಕ್ ಇರುವ ಯಾರಾದರೂ ತಿದ್ದಬಹುದು ಎಂಬ ಆಯ್ಕೆ ಕೊಟ್ಟರೆ ಕಂಪ್ಯೂಟರಿನ ಬ್ರೌಸರಿನಲ್ಲಿ ಸೈನ್ ಇನ್ ಇಲ್ಲದೆ ತಿದ್ದಬಹುದು. ಅವರ ಹೆಸರಿನ ಜಾಗದಲ್ಲಿ ಯಾವುದೋ ಪ್ರಾಣಿಯ ಹೆಸರು ಕಾಣುತ್ತದೆ, ಮಕ್ಕಳಿಗೆ ಅದೇ ಖುಷಿ. ಯಾರು ಏನು ಬರೆದರು ಎಂಬುದು ಇದರಿಂದ ಗೊತ್ತಾಗುವುದಿಲ್ಲ ಎಂಬುದು ಒಂದು ಕೊರತೆ. ಒಬ್ಬರು ಇನ್ನೊಬ್ಬರ ಸ್ಲೈಡ್ ಅಳಿಸಿದರೆ ವರ್ಶನ್ ಹಿಸ್ಟರಿಯಿಂದ ವಾಪಸ್ ತರಬಹುದು. ಪಿರಿಯಡ್ ಮುಗಿದ ಕೂಡಲೇ ಲಿಂಕನ್ನು ನೋಡಲು ಮಾತ್ರ ಎಂದು ಬದಲಿಸಿ. ಇದನ್ನು ಸಂಜೆಗೆ ಬಿಡಬೇಡಿ.

ವೆಬ್ ಪವರ್‌ಪಾಯಿಂಟಿನಲ್ಲೂ ಒಟ್ಟಿಗೆ ಮಾಡಬಹುದು. ನಿಮ್ಮ ಶಾಲೆಗೆ ಮೈಕ್ರೋಸಾಫ್ಟ್ ಖಾತೆಗಳು ಮೊದಲೇ ಇದ್ದರೆ ಅದನ್ನೇ ಬಳಸಿ. ಹೊಸದಾಗಿ ಶುರು ಮಾಡುವವರಿಗೆ ಗೂಗಲ್‌ನದು ಹಗುರ ಅನಿಸುತ್ತದೆ.

ಲ್ಯಾಬಿನಲ್ಲಿ ನೆಟ್ಟೇ ಇಲ್ಲವಾ? ಇಂಪ್ರೆಸ್‌ನಲ್ಲಿ ಗುಂಪಿಗೊಂದು ಫೈಲ್ ಮಾಡಿಸಿ, ಪೆನ್‌ಡ್ರೈವಿನಲ್ಲಿ ಸೇರಿಸಿ ನೀವು ಜೋಡಿಸಿ. ಒಬ್ಬರದು ಇನ್ನೊಬ್ಬರಿಗೆ ಕಾಣುವ ಸೊಗಸು ಹೋಗುತ್ತದೆ, ಉಳಿದ ಕಲಿಕೆ ಎಲ್ಲ ಉಳಿಯುತ್ತದೆ.

ಸ್ಲೈಡ್‌ಶೇರ್: ಓದಲು ಸರಿ, ಇಡಲು?

ಪಿಪಿಟಿ ಹಂಚುವ ತಾಣ ಎಂದಾಗ ಹಳಬರಿಗೆ ನೆನಪಾಗುವುದು ಇದು. 2006ರಲ್ಲಿ ಶುರುವಾಯಿತು. 2012ರಲ್ಲಿ ಲಿಂಕ್ಡ್‌ಇನ್ ಕೊಂಡಿತು. 2020ರಲ್ಲಿ ಸ್ಕ್ರಿಬ್ಡ್ ಕೈಗೆ ಹೋಯಿತು. ಯಾರೋ ಗೊತ್ತಿಲ್ಲದ ಶಿಕ್ಷಕರು ಮಾಡಿದ ಪಾಠ ಹುಡುಕಿ ನೋಡಲು ಇದು ಈಗಲೂ ಒಳ್ಳೆಯ ಜಾಗ. ಒಂದೇ ವಿಷಯವನ್ನು ನಾಲ್ಕು ಜನ ಹೇಗೆ ಜೋಡಿಸಿದ್ದಾರೆ ಎಂದು ನೋಡಿದರೆ ಪಾಠ ತಯಾರಿಗೆ ನಿಜವಾಗಿಯೂ ಸಹಾಯ. ಬಿ.ಎಡ್. ಓದುವವರಿಗೆ ಇನ್ನೂ ಜಾಸ್ತಿ.

ಮಕ್ಕಳಿಗೆ ಹಂಚಲು ಮಾತ್ರ ನಾನು ಇದನ್ನು ಆರಿಸುವುದಿಲ್ಲ. ಪುಟದ ತುಂಬ ಜಾಹೀರಾತು. ಡೌನ್‌ಲೋಡ್ ಮಾಡಲು ಲಾಗಿನ್ ಕೇಳುತ್ತದೆ. ಅನಿಮೇಶನ್ ಇಲ್ಲಿಯೂ ಉಳಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹಾಕಿದ ಫೈಲನ್ನು ಅದೇ ಲಿಂಕಿನಲ್ಲಿ ಬದಲಿಸುವ ಸೌಲಭ್ಯವನ್ನು 2018ರಲ್ಲಿ ತೆಗೆದುಹಾಕಿದರು. ಪಠ್ಯಪುಸ್ತಕ ಪರಿಷ್ಕರಣೆ ಆದಾಗಲೆಲ್ಲ ನಾವು ಪಾಠ ತಿದ್ದಬೇಕು. ತಿದ್ದಲಾಗದ ಕಡೆ ಇಟ್ಟ ಪಾಠ ಹಳತಾಗಿ, ತಪ್ಪಾಗಿ, ನಮ್ಮ ಹೆಸರಿನಲ್ಲೇ ಉಳಿಯುತ್ತದೆ.

ಇನ್ನೊಂದು ವಿಷಯ ಹಕ್ಕಿನದು. ತರಗತಿಯೊಳಗೆ ಪಾಠಕ್ಕಾಗಿ ಪುಸ್ತಕದ ಚಿತ್ರವನ್ನು ಶಿಕ್ಷಕರು ಬಳಸಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಅದೇ ಚಿತ್ರವನ್ನು ಲೋಕಕ್ಕೆಲ್ಲ ಕಾಣುವಂತೆ ಹಾಕುವುದು ಬೇರೆ ಮಾತು, ಆ ರಿಯಾಯಿತಿ ಅಲ್ಲಿಗೂ ಬರುತ್ತದೆ ಎಂದುಕೊಳ್ಳಬಾರದು. ಸಾರ್ವಜನಿಕವಾಗಿ ಹಂಚುವ ಸ್ಲೈಡಿಗೆ ವಿಕಿಮೀಡಿಯಾ ಕಾಮನ್ಸ್‌ನ ಚಿತ್ರ ಬಳಸಿ, ಕೆಳಗೆ ತೆಗೆದವರ ಹೆಸರು ಹಾಕಿ. ಇನ್ನೂ ಒಳ್ಳೆಯದು, ನಿಮ್ಮ ಊರಿನದನ್ನು ನೀವೇ ತೆಗೆಯಿರಿ.

ಕ್ಯಾನ್ವಾ, ಪ್ರೆಜಿ ಮತ್ತು ಉಳಿದವು

ಕ್ಯಾನ್ವಾದಲ್ಲಿ ಮಾಡಿದ್ದು ಚೆಂದ ಕಾಣುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಹನ್ನೆರಡನೇ ತರಗತಿ ತನಕ ಪಾಠ ಮಾಡುವ ಶಿಕ್ಷಕರಿಗೆ, ತಾವು ಶಿಕ್ಷಕರೆಂದು ದಾಖಲೆ ತೋರಿಸಿದರೆ, ಶಿಕ್ಷಣದ ಆವೃತ್ತಿ ಉಚಿತ. ವಿಜ್ಞಾನ ದಿನದ ಪೋಸ್ಟರ್, ಪೋಷಕರ ಸಭೆಯ ಆಹ್ವಾನ, ಪ್ರತಿಭಾ ಕಾರಂಜಿಯ ಬ್ಯಾನರ್ ಇವಕ್ಕೆ ಕ್ಯಾನ್ವಾ ಬಿಟ್ಟು ಬೇರೆ ನೋಡಬೇಕಿಲ್ಲ. ದಿನದ ಪಾಠಕ್ಕೆ ಬಂದರೆ ನನಗೆ ಹಿಂಜರಿಕೆ. ಟೆಂಪ್ಲೇಟಿನ ಅಲಂಕಾರ ಜಾಗವನ್ನೆಲ್ಲ ತಿನ್ನುತ್ತದೆ. ಅದರಲ್ಲಿರುವ ಇಂಗ್ಲಿಷ್ ಫಾಂಟಿಗೆ ಕನ್ನಡ ಬರುವುದಿಲ್ಲ, ಕನ್ನಡ ಹಾಕಿದರೆ ವಿನ್ಯಾಸ ಅಳತೆ ತಪ್ಪುತ್ತದೆ. ಪಿಪಿಟಿಎಕ್ಸ್ ಆಗಿ ಇಳಿಸಿದಾಗ ಅಕ್ಷರ, ಜೋಡಣೆ ಸರಿಯುವುದೂ ಉಂಟು. ಮಾಡಿದ್ದನ್ನು ಕ್ಯಾನ್ವಾದಲ್ಲೇ ತೆರೆಯುವವರ ನಡುವೆ ಮಾತ್ರ ಇದು ಸುಖ.

ಪ್ರೆಜಿ 2009ರಲ್ಲಿ ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಹುಟ್ಟಿದ್ದು. ಒಂದು ದೊಡ್ಡ ಚಿತ್ರದೊಳಗೆ ಹತ್ತಿರ ಹತ್ತಿರ ಹೋಗುವುದು ಇದರ ವಿಶೇಷ. ಕೆಲವೇ ಪಾಠಗಳಿಗೆ ಇದು ಅದ್ಭುತವಾಗಿ ಒಗ್ಗುತ್ತದೆ. ದೇಹದಿಂದ ಮೂತ್ರಪಿಂಡ, ಮೂತ್ರಪಿಂಡದಿಂದ ನೆಫ್ರಾನ್, ಅಲ್ಲಿಂದ ಬೌಮನ್ನನ ಕೋಶಕ್ಕೆ ಇಳಿಯುವಾಗ ಯಾವುದು ಯಾವುದರೊಳಗೆ ಇದೆ ಎಂಬುದು ಮಗುವಿಗೆ ಥಟ್ಟನೆ ಹೊಳೆಯುತ್ತದೆ. ವ್ಯಾಕರಣದ ಪಾಠಕ್ಕೆ ಇದೇ ಚಲನೆ ಸುಮ್ನೆ ತಲೆಸುತ್ತು. ಉಚಿತ ಖಾತೆಯಲ್ಲಿ ಮಾಡಿದ್ದು ಎಲ್ಲರಿಗೂ ಕಾಣುತ್ತದೆ, ನೆಟ್ ಬೇಕೇ ಬೇಕು.

ಮೆಂಟಿಮೀಟರ್, ನಿಯರ್‌ಪಾಡ್, ಪೇರ್ ಡೆಕ್ ಇವು ಸ್ಲೈಡಿನ ನಡುವೆ ಪ್ರಶ್ನೆ ಕೇಳಿ ಮಕ್ಕಳಿಂದ ಅಲ್ಲೇ ಉತ್ತರ ಪಡೆಯುವ ಸಾಧನಗಳು. ಪ್ರತಿ ಮಗುವಿನ ಮುಂದೆ ಒಂದು ಪರದೆ ಇರುವ ಕಡೆ ಚೆನ್ನಾಗಿವೆ. ಕಾಲೇಜಿನಲ್ಲಿ, ಶಿಕ್ಷಕರ ತರಬೇತಿಯಲ್ಲಿ ಬಳಸಿ. ಹೈಸ್ಕೂಲಿನಲ್ಲಿ ಕೈ ಎತ್ತಿಸುವುದೇ ಬೇಗ ಆಗುತ್ತದೆ.

ಚೆನ್ನೈ ಮೂಲದ ಜೋಹೊ ಕಂಪನಿಯ ಜೋಹೊ ಶೋ ಸಹ ಉಚಿತವಾಗಿ ಸಿಗುತ್ತದೆ. ಹಂಚಿಕೊಂಡು ಮಾಡುವ ವಿಷಯದಲ್ಲಿ ಗೂಗಲ್‌ನಂತೆಯೇ ಇದೆ.

ಯಾವುದನ್ನೇ ಆರಿಸಿ, ಮೂಲ ಫೈಲಿನ ಒಂದು ಪ್ರತಿ ನಿಮ್ಮ ಕೈಯಲ್ಲಿ ಇರಲಿ. ಗೂಗಲ್‌ನ ಜ್ಯಾಮ್‌ಬೋರ್ಡ್ ನೆನಪಿದೆಯಾ? ಕೋವಿಡ್ ಕಾಲದಲ್ಲಿ ಎಷ್ಟು ಶಿಕ್ಷಕರು ಅದರ ಮೇಲೆ ಗಣಿತ ಬರೆದರು. 2024ರ ಡಿಸೆಂಬರ್ ಕೊನೆಗೆ ಅದು ಮುಚ್ಚಿತು. 2020ರ ಕೊನೆಗೆ ಅನಿಮೇಶನ್ ತಂತ್ರಾಂಶ ಫ್ಲ್ಯಾಶ್ ನಿಂತಾಗ ಅದರಲ್ಲಿ ಮಾಡಿದ್ದ ಪಾಠಗಳೂ ಹೀಗೆಯೇ ನಿಂತವು.

ಇನ್ನೊಬ್ಬ ಶಿಕ್ಷಕರಿಗೆ ಕೊಡುವಾಗ

ಮಕ್ಕಳಿಗೆ ಪಿಡಿಎಫ್ ಸರಿ. ಸಹೋದ್ಯೋಗಿಗೆ ಅದು ಸರಿಯಲ್ಲ. ಅವರಿಗೆ ತಿದ್ದಲು ಬರುವ ಫೈಲು ಕೊಡಿ. ರಾಯಚೂರಿನ ಮಕ್ಕಳಿಗೆ ಹೊಳೆಯುವ ಉದಾಹರಣೆ ಮಡಿಕೇರಿಯ ಮಕ್ಕಳಿಗೆ ಹೊಳೆಯದೇ ಇರಬಹುದು.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಒಳ್ಳೆಯ ಮಾದರಿ ಇದೆ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಜೊತೆ ಸೇರಿ ವಿಷಯ ಶಿಕ್ಷಕರ ವೇದಿಕೆ ಕಟ್ಟಿತು. ಸರ್ಕಾರಿ ಹೈಸ್ಕೂಲು ಶಿಕ್ಷಕರು ಉಬುಂಟು, ಲಿಬ್ರೆ ಆಫೀಸ್, ಜಿಯೋಜಿಬ್ರಾದಂಥ ಮುಕ್ತ ತಂತ್ರಾಂಶಗಳನ್ನು ಕಲಿತರು, ಪಾಠ ಸಾಮಗ್ರಿ ತಯಾರಿಸಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣದಲ್ಲಿ ಹಂಚಿಕೊಂಡರು. ಕೆಒಇಆರ್ ಎಂದೇ ಅದು ಪರಿಚಿತ. ಅಲ್ಲಿ ಇರುವುದನ್ನು ಯಾರು ಬೇಕಾದರೂ ತೆಗೆದುಕೊಂಡು, ತಿದ್ದಿ, ಮತ್ತೆ ಹಂಚಬಹುದು. ಹಣ ಕೊಟ್ಟು ಕೊಳ್ಳದ ತಂತ್ರಾಂಶದಲ್ಲಿ ಮಾಡಿದ ಫೈಲಾದ್ದರಿಂದ ಬೀದರದ ಶಾಲೆಯಲ್ಲೂ ತೆರೆಯುತ್ತದೆ. ಇಂಪ್ರೆಸ್ ನೋಡಲು ಸಪ್ಪೆ ಎನ್ನುವವರಿಗೆ ನಾನು ಇದನ್ನೇ ಹೇಳುವುದು. 2017ರ ಸೆಪ್ಟೆಂಬರ್ 5ರಂದು ಶುರುವಾದ ಕೇಂದ್ರದ ದೀಕ್ಷಾ ತಾಣದಲ್ಲೂ ಹುಡುಕಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಹೋಗಿ ಸೇರುವುದು ಅಲ್ಲಿಗೇ.

ಒಂದು ಫೈಲನ್ನು ಇಂಪ್ರೆಸ್ ಮತ್ತು ಪವರ್‌ಪಾಯಿಂಟ್ ಎರಡರಲ್ಲೂ ತೆರೆಯುವವರಿದ್ದರೆ ಇಂಪ್ರೆಸ್‌ನ ಸ್ವಂತ ರೂಪವಾದ ಒಡಿಪಿ ಜೊತೆ ಪಿಪಿಟಿಎಕ್ಸ್ ರೂಪವನ್ನೂ ಉಳಿಸಿ ಕಳಿಸಿ. ಕೊನೆಯ ಸ್ಲೈಡಿನಲ್ಲಿ ಯಾರು ಮಾಡಿದ್ದು, ಯಾವ ವರ್ಷದ ಪಠ್ಯಕ್ಕೆ, ತಿದ್ದಿ ಹಂಚಬಹುದೇ ಎಂದು ಎರಡು ಸಾಲು ಬರೆಯಿರಿ. ಪಡೆದವರಿಗೆ ಅದರಿಂದ ತುಂಬ ಉಪಕಾರ.

ಮಕ್ಕಳ ಹೆಸರು, ಮಕ್ಕಳ ಮುಖ

ಇದು ಸಾಧನದ ಹೋಲಿಕೆಯಲ್ಲಿ ಸೇರದ ವಿಷಯ ಅನಿಸಬಹುದು. ಆದರೆ ಸಾಧನ ಆರಿಸುವಾಗಲೇ ಇದು ತೀರ್ಮಾನವಾಗಿಬಿಡುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಮಕ್ಕಳಿಂದ ಇಮೇಲ್, ಹುಟ್ಟಿದ ದಿನ ಕೇಳುವ ಸಾಧನಕ್ಕಿಂತ ಕೇಳದ ಸಾಧನ ನಮಗೆ ಮೇಲು. ಪ್ರೆಜಿಯ ಉಚಿತ ಖಾತೆ, ಸ್ಲೈಡ್‌ಶೇರ್‌ನಂಥ ಎಲ್ಲರಿಗೂ ಕಾಣುವ ಕಡೆ ಮಗುವಿನ ಪೂರ್ತಿ ಹೆಸರು, ಶಾಲೆ, ಫೋಟೊ ಮೂರೂ ಒಟ್ಟಿಗೆ ಹೋಗಬಾರದು. ಅಂಕಪಟ್ಟಿಯನ್ನು ಸ್ಲೈಡಿಗೆ ಹಾಕಿ ಗ್ರೂಪಿಗೆ ಕಳಿಸುವುದಂತೂ ಬೇಡವೇ ಬೇಡ.

ಪೋಷಕರ ಸಭೆ ನಡೆದಾಗ ನೀವು ಯಾವ ಸಾಧನ ಬಳಸುತ್ತೀರಿ, ಮಕ್ಕಳ ಕೆಲಸ ಎಲ್ಲಿ ಇರುತ್ತದೆ, ಯಾರಿಗೆ ಕಾಣುತ್ತದೆ ಎಂದು ಪರದೆ ಮೇಲೆ ತೋರಿಸಿಯೇ ಹೇಳಿ, ಆಮೇಲೆ ಒಪ್ಪಿಗೆಯ ಸಹಿ ಪಡೆಯಿರಿ. ಮಕ್ಕಳ ಚಟುವಟಿಕೆಯ ಫೋಟೊ ಸ್ಲೈಡಿಗೆ ಬೇಕೇ ಬೇಕು ಎಂದರೆ ಅವರ ಕೈ, ಅವರು ಮಾಡಿದ ಮಾದರಿ, ಬರೆದ ಚಾರ್ಟ್ ಕಾಣುವಂತೆ ತೆಗೆಯಿರಿ. ಪಾಠ ತಿಳಿಸಲು ಅಷ್ಟು ಸಾಕಾಗುತ್ತದೆ.